ಕಪ್ಪಾದ ಕರಡಿಗೆ

ಶ್ರಾವಣದ ಎರಡನೇ ಸೋಮವಾರ ಉದಗೀರದಲ್ಲಿ ನನ್ನ ನಾದಿನಿ ಮೀನಲಳ ಕೂಸಿಗೆ ಲಿಂಗಧಾರಣೆ ಇತ್ತು. ಲಿಂಗವನ್ನಿಡುವ ಬೆಳ್ಳಿಯ ಕರಡಿಗೆ ತಾಯಿಯ ತವರಿನಿಂದಲೇ ಹೋಗಬೇಕೆಂಬುದು ನಮ್ಮಲ್ಲಿಯ ಪದ್ಧತಿ. ಮೀನಲಳ ತವರೆಂದರೆ ನಾವೇ. ಬಾಣಂತನಕ್ಕೆ ಬಂದವಳು ಇನ್ನೂ ನಮ್ಮ ಮನೆಯಲ್ಲೇ ಇದ್ದಳು. ನಿಲಂಗಾದ ಸರಾಫ ದಿಗಂಬರನಿಗೆ ತಿಂಗಳ ಮೊದಲೇ ಕರಡಿಗೆ ಮಾಡಲು ಹೇಳಿದ್ದೆವು. ಅವನ ಕೆಲಸಗಾರ ಊರಿಗೆ ಹೋದವನು ಅಲ್ಲೇ ಉಳಿದುಬಿಟ್ಟ, ಕರಡಿಗೆ ಆಗಲಿಲ್ಲ.

"ಇರ್ಲಿ ಬಿಡು. ಅವತ್ತಿಗೆ ಸ್ವಪ್ನಾಲಿದು ಹಾಕೋಣ, ಹೊಸಾದು ಬಂದ ಮ್ಯಾಲ ಬದಲಿ ಮಾಡಿದ್ರಾಯ್ತು" ಎಂದು ನಮ್ಮ ಅತ್ತೆ ಕಸ್ತೂರಬಾಯಿಯೇ ತೀರ್ಮಾನ ಮಾಡಿದರು.

ಸ್ವಪ್ನಾಲಿ ನನ್ನ ಮಗಳು, ಎಂಟನೇ ತರಗತಿ. ಅವಳ ಕರಡಿಗೆ ನನ್ನ ಅಪ್ಪ ಕೊಟ್ಟಿದ್ದು, ಹದಿಮೂರು ವರ್ಷದ ಹಿಂದೆ. ಶಾಲೆಯಲ್ಲಿ ಬೆಳ್ಳಿ ಕಳೆದೀತೆಂದು ಅವಳ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿ, ಖಾಲಿ ಕರಡಿಗೆಯನ್ನು ದೇವರ ಕೋಣೆಯ ಗೋಡೆಯಲ್ಲಿನ ಮಾಡದಲ್ಲಿ ಇಟ್ಟಿದ್ದೆವು. ಆ ಮಾಡಕ್ಕೆ ಅತ್ತೆಯ ಹೊರತು ಯಾರೂ ಕೈ ಹಾಕುವುದಿಲ್ಲ.

ಬುಧವಾರ ಬೆಳಿಗ್ಗೆ ನಾನು ಕೋಣೆ ಸಾರಿಸುತ್ತಿದ್ದೆ. ಅತ್ತೆ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಒಳಗಿನ ಕರಡಿಗೆ ಹಂಚಿನ ತಳದಂತೆ ಕರ್ರಗಾಗಿತ್ತು.

ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಮೀನಲ, "ಅಯ್ಯ, ಇದೇನವ್ವಾ ಇದು?" ಎಂದಳು.

"ಏನಂದ್ರ? ಹದಿಮೂರು ವರ್ಷಕ್ಕ ಖರೇ ಬಣ್ಣ ಹೊರಗ ಬಂದದ" ಎಂದರು ಅತ್ತೆ.

"ಚಾಂದಿ ಕಪ್ಪಾಗ್ತದ್ರೀ ಅತ್ತೀ" ಎಂದೆ ನಾನು, ಕೈಯಲ್ಲಿ ಸಾರಿಸುವ ಅರಿವೆ ಹಿಡಿದೇ.

"ನನ್ನ ಕಾಲಾಗಿನ ಪೈಜಣ ನೋಡು. ನಲವತ್ತೈದು ವರ್ಷದ್ದು. ಹೊಲಾ ಮಾಡೀನಿ, ಸೆಗಣಿ ಬಳದೀನಿ. ಹಿಂಗ ಇದ್ದಲಿ ಆಗ್ಯಾವೇನು? ಇದು ಚಾಂದಿ ಅಲ್ಲ ಕಲ್ಯಾಣಿ. ಜರ್ಮನ್ ಸಿಲ್ವರ್ ಅದ. ನಿಮ್ಮಪ್ಪ ನಮ್ಮ ಕಣ್ಣಿಗೆ ಮಣ್ಣು ಹಾಕ್ಯಾರ."

"ಹಾಂಗ ಅನ್ನಬ್ಯಾಡ್ರಿ."

"ನಾ ಹಿಂದ ಮಾತಾಡೋಕಿ ಅಲ್ಲ. ಸೋಮವಾರ ಅವರೂ ಉದಗೀರಕ್ಕ ಬರ್ತಾರಲ್ಲ, ಎಲ್ಲಾರ ಎದುರಿಗೇ ಕೇಳ್ತೀನಿ."

ಅತ್ತೆ ಆಡಿದ ಮಾತು ನಡೆಸುವವರು. ಕೇಳುತ್ತೇನೆ ಎಂದರೆ ಕೇಳಿಯೇ ಕೇಳುತ್ತಾರೆ. ನನ್ನ ಅಪ್ಪ ಮಹಾದೇವಪ್ಪ ಭಾಲ್ಕಿಯಲ್ಲಿ ಟೇಲರ್. ಈಗ ಎಪ್ಪತ್ತು ದಾಟಿದೆ. ಮೀನಲಳ ಅತ್ತೆಮನೆಯವರು, ಎರಡೂ ಕಡೆಯ ನೆಂಟರು, ಸ್ವಾಮಿಗಳು ಕುಳಿತಿರುವ ಪಡಸಾಲೆಯಲ್ಲಿ ಅಪ್ಪ ಎದ್ದು ನಿಂತು ಉತ್ತರ ಕೊಡಬೇಕಾದ ಚಿತ್ರ ಕಣ್ಣಿಗೆ ಕಟ್ಟಿತು. ಅವತ್ತೆಲ್ಲ ಕೆಲಸದಲ್ಲಿ ಕೈ ಇತ್ತು, ಮನಸ್ಸಿರಲಿಲ್ಲ.

ಹೆಚ್ಚು ಚುಚ್ಚಿದ್ದು ಬೇರೆಯೇ. ಅಪ್ಪ ಹಾಗೆ ಮಾಡಿಲ್ಲ ಎಂದು ಎದೆ ತಟ್ಟಿ ಹೇಳಲು ನನಗೂ ಬರಲಿಲ್ಲ. ಆ ವರ್ಷ ಅಪ್ಪ ಉಮರ್ಗಾದಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಮಿಷನ್ ತುಳಿಯುತ್ತಿದ್ದರು. ಅಲ್ಲಿಂದಲೇ ಕರಡಿಗೆ ಮಾಡಿಸಿಕೊಂಡು, ಬ್ಲೌಜಿನ ಚೂರುಬಟ್ಟೆಯಲ್ಲಿ ಸುತ್ತಿ ತಂದಿದ್ದರು. "ಚಾಂದಿದು ಅದವ್ವಾ" ಎಂದು ನನ್ನ ಕೈಗೆ ಕೊಟ್ಟಿದ್ದರು. ಹೇಗೆ ಹೊಂದಿಸಿದಿರಿ ಎಂದು ನಾನು ಕೇಳಲಿಲ್ಲ. ಈಗ ಫೋನ್ ಮಾಡಿ ಕೇಳೋಣವೆಂದು ಎರಡು ಸಲ ಮೊಬೈಲ್ ಎತ್ತಿದೆ, ಎರಡು ಸಲವೂ ಇಟ್ಟೆ. ಕೇಳಿದರೆ ನಾನೂ ನಂಬಲಿಲ್ಲವೆಂದು ಅವರಿಗೆ ತಿಳಿಯುತ್ತದೆ.

ಗುರುವಾರ ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ಸ್ವಪ್ನಾಲಿ ವಿಜ್ಞಾನದ ಪುಸ್ತಕ ತಂದು ಒಲೆಯ ಹತ್ತಿರ ಕೂತಳು. ಶನಿವಾರ ಪರೀಕ್ಷೆ. ನಮ್ಮೂರು ಮಹಾರಾಷ್ಟ್ರದ ಗಡಿಯೊಳಗಿದೆ. ಅವಳು ಕಲಿಯುವುದು ಮರಾಠಿಯಲ್ಲಿ, ನಾನು ಹತ್ತನೆಯವರೆಗೆ ಕಲಿತದ್ದು ಭಾಲ್ಕಿಯ ಕನ್ನಡ ಶಾಲೆಯಲ್ಲಿ. ಅವಳು ಮೂಲದ್ರವ್ಯ, ಸಂಯುಗ, ಮಿಶ್ರಣ ಎನ್ನುತ್ತಾಳೆ. ನಾನು ಮೂಲವಸ್ತು, ಸಂಯುಕ್ತ, ಮಿಶ್ರಣ ಎನ್ನುತ್ತೇನೆ. ಪಾಠ ಒಂದೇ.

"ಅವ್ವಾ, ಮೂರೂ ಬಾಯಿಪಾಠ ಆಗ್ಯಾವ. ಆದ್ರ ತಿಳೀವಲ್ದು. ಸಂಯುಗನೂ ಕೂಡಿದ್ದೇ, ಮಿಶ್ರಣನೂ ಕೂಡಿದ್ದೇ. ಮತ್ತ ಎರಡು ಹೆಸರು ಯಾಕ ಬೇಕು?"

"ಆ ಚೂಡಾದ ಡಬ್ಬಿ ತಾ. ಒಂದು ಮುಷ್ಟಿ ತಾಟಿನ್ಯಾಗ ಹಾಕು. ಶೇಂಗಾ ಆರಿಸು ನೋಡೋಣ."

ಆರಿಸಿದಳು. ಆರಿಸಿದ್ದೆಲ್ಲ ಬಾಯಿಗೆ ಹೋಯಿತು.

"ಇದು ಮಿಶ್ರಣ. ಚುರಮುರಿ ಚುರಮುರಿನೇ ಉಳದದ, ಶೇಂಗಾ ಶೇಂಗಾನೇ ಉಳದದ. ಕೈಲೆ ಬ್ಯಾರೆ ಮಾಡ್ಲಿಕ್ಕ ಬರ್ತದ. ಲೆಕ್ಕಾನೂ ಇಲ್ಲ. ನಿಮ್ಮ ಆಯಿ ಶೇಂಗಾ ಕಮ್ಮಿ ಹಾಕ್ತಾರ, ನಾ ಜಾಸ್ತಿ ಹಾಕ್ತೀನಿ. ಎರಡೂ ಚೂಡಾನೇ."

"ಆಯಿ ಚೂಡಾದಾಗ ಶೇಂಗಾ ಹುಡಕಲಿಕ್ಕ ದುರ್ಬೀನ್ ಬೇಕು" ಎಂದು ಅಜ್ಜಿಯನ್ನು ಛೇಡಿಸಿದಳು.

"ಸಣ್ಣಗ ಮಾತಾಡು, ಕೇಳಸ್ತದ. ಈಗ ನೀರು ನೋಡು. ನೀರಿನ್ಯಾಗ ಎರಡು ಗಾಳಿ ಕೂಡ್ಯಾವ. ಒಂದು ತಾನೇ ಉರೀತದ, ಇನ್ನೊಂದು ಉರೀಲಿಕ್ಕ ಸಹಾಯ ಮಾಡ್ತದ. ಎರಡೂ ಕೂಡಿ ನೀರಾದ ಮ್ಯಾಲ ಬೆಂಕೀನೇ ಆರಸ್ತಾವ. ತಮ್ಮ ಹಳೇ ಗುಣ ಬಿಟ್ಟು ಮೂರನೇದ್ದೇ ಒಂದು ವಸ್ತು ಆಗ್ಯಾವ. ಅದೂ ಇಷ್ಟಕ್ಕ ಇಷ್ಟೇ ಅಂತ ಕಟ್ಟುನಿಟ್ಟು. ಚೂಡಾದಂಗ ಮನಸ್ಸಿಗೆ ಬಂದಷ್ಟು ಅಲ್ಲ. ಅದು ಸಂಯುಕ್ತ."

"ಮೂಲದ್ರವ್ಯ?"

"ಎಷ್ಟು ಚೂರು ಮಾಡಿದ್ರೂ ಅದರಾಗ ಇನ್ನೊಂದು ಸಿಗಂಗಿಲ್ಲ. ತಾಮ್ರ ಕಡದ್ರ ತಾಮ್ರ. ಬಂಗಾರ ಕಡದ್ರ ಬಂಗಾರ."

ಅವಳು ಪುಸ್ತಕದಿಂದ ಪ್ರಯೋಗವೊಂದನ್ನು ಓದತೊಡಗಿದಳು. ಕಬ್ಬಿಣದ ಪುಡಿ, ಹಳದಿ ಗಂಧಕದ ಪುಡಿ ಕಲೆಸಬೇಕು. ಅಯಸ್ಕಾಂತ ಹಿಡಿದರೆ ಕಬ್ಬಿಣ ಮೇಲೆದ್ದು ಬರುತ್ತದೆ, ಅಲ್ಲಿಯವರೆಗೆ ಮಿಶ್ರಣ. ಆಮೇಲೆ ಕೆಂಪಗಾಗುವವರೆಗೆ ಕಾಸಬೇಕು. ಹಳದಿಯೂ ಇಲ್ಲ, ಕಬ್ಬಿಣದ ಹೊಳಪೂ ಇಲ್ಲ, ಕಪ್ಪು ಗಟ್ಟಿ ಉಳಿಯುತ್ತದೆ. ಅದಕ್ಕೆ ಅಯಸ್ಕಾಂತ ಹತ್ತುವುದಿಲ್ಲ.

"ಗಂಧಕ ಅಂದ್ರ ಅಪ್ಪ ಸೋಯಾಬೀನಿಗೆ ತಂದದ್ದು, ಅದೇ ಹೌದಿಲ್ಲೋ ಅವ್ವಾ?"

"ಅದೇ" ಎಂದೆ. ಎಂದವಳ ಕೈ ನಿಂತುಬಿಟ್ಟಿತು.

"ಅವ್ವಾ, ರೊಟ್ಟಿ ಸುಡ್ಲಿಕ್ಕತ್ತದ!"

ರೊಟ್ಟಿ ನೀ ನೋಡು ಎಂದು ಅವಳ ಕೈಗೆ ಇಕ್ಕಳ ಕೊಟ್ಟು ದೇವರ ಕೋಣೆಗೆ ಹೋದೆ. ನಮ್ಮ ಮನೆಯಲ್ಲಿ ಬಿತ್ತನೆಗೆ ಮೊದಲು ಬೀಜ, ಗೊಬ್ಬರದ ಚೀಲಗಳನ್ನು ದೇವರ ಕೋಣೆಗೆ ತಂದು, ವಿಭೂತಿ ಹಚ್ಚಿ, ಕಾಯಿ ಒಡೆದು, ಆಮೇಲೆ ಹೊಲಕ್ಕೆ ಒಯ್ಯುವ ರೂಢಿ. ಮಿಕ್ಕಿದ್ದು ಅಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಸೋರದ ಕೋಣೆ ಅದೊಂದೇ. ಮಾಡದ ಕೆಳಗೆ ಅರ್ಧ ಚೀಲ ಗಂಧಕ ಇತ್ತು. ನಾನು ದಿನಾ ಅದನ್ನು ದಾಟಿಯೇ ದೀಪ ಹಚ್ಚುತ್ತಿದ್ದೆ.

ದೀಪ ಎತ್ತಿ ಮಾಡದೊಳಗೆ ನೋಡಿದೆ. ಅಂಚಿನುದ್ದಕ್ಕೂ ಹಳದಿ ಪುಡಿಯ ಗೆರೆ, ರಂಗೋಲಿ ಎಳೆದಷ್ಟು ನೇರ. ಕರಡಿಗೆ ಸುತ್ತಿದ್ದ ಬಟ್ಟೆಯ ಮಡಿಕೆಯಲ್ಲೂ ಅದೇ ಪುಡಿ. ಈ ಸಲ ಮಳೆ ಹತ್ತಿದಾಗಿನಿಂದ ಇರುವೆ ಬಹಳ. ದೇವರ ಸಕ್ಕರೆಗೆ ಇರುವೆ ಏರಬಾರದೆಂದು ಯಾರು ಹಾಕಿದರೆಂಬುದನ್ನು ಕೇಳಬೇಕಾಗಿರಲಿಲ್ಲ.

ಹಿಂದೆ ಬಂದು ನಿಂತಿದ್ದ ಸ್ವಪ್ನಾಲಿಗೆ ತೋರಿಸಿದೆ. "ಚಾಂದಿ ಒಂದು ಮೂಲವಸ್ತು, ಗಂಧಕ ಒಂದು ಮೂಲವಸ್ತು. ಕಬ್ಬಿಣಕ್ಕ ಬೆಂಕಿ ಬೇಕಾತು. ಚಾಂದಿಗೆ ಬೆಂಕಿನೂ ಬ್ಯಾಡ, ಮುಚ್ಚಿದ ಕ್ವಾಣ್ಯಾಗ ಎರಡು ತಿಂಗಳು ಕೂಡಿ ಕೂತ್ರ ಸಾಕು. ಬೆಳ್ಳಂದು ಹಳದಿ ಕೂಡಿ ಕಪ್ಪು."

"ಹಾಂಗಾದ್ರ ಅಜ್ಜಾಂದು ಖರೇ ಚಾಂದಿ! ಆಯೀಗಿ ಹೇಳ್ತೀನಿ."

"ತಡಿ. ಜರ್ಮನ್ ಸಿಲ್ವರಿನ್ಯಾಗ ಹೆಸರಿಗಷ್ಟೇ ಸಿಲ್ವರ್ ಅದ, ಒಳಗ ತಾಮ್ರ ಇರ್ತದ. ತಾಮ್ರನೂ ಗಂಧಕಕ್ಕ ಕಪ್ಪಾಗ್ತದ. ಕಪ್ಪಾಗ್ಯಾದ ಅಂತ ಖೋಟಾ ಅನ್ಲಿಕ್ಕ ಬರಂಗಿಲ್ಲ, ಖರೆ ಅನ್ಲಿಕ್ಕೂ ಬರಂಗಿಲ್ಲ."

"ಮತ್ತ ರೊಟ್ಟಿ ಬಿಟ್ಟು ಯಾಕ ಓಡಿ ಬಂದಿ?" ಎಂದಳು. ನಾನು ದೀಪ ಕೆಳಗಿಟ್ಟು ಒಲೆಯ ಕಡೆ ನಡೆದೆ.

ಶುಕ್ರವಾರ ಮೀನಲ ಟೂತ್‌ಪೇಸ್ಟ್ ಹಚ್ಚಿ ಕರಡಿಗೆ ಉಜ್ಜಲು ಕೂತಿದ್ದಳು. ನಾನು ಕೈಯಿಂದ ಕಸಿದುಕೊಂಡೆ.

"ಯಾಕ ವೈನಿ? ಹೊಳಪು ಬರ್ಲಿ ಅಂತ."

"ಆ ಕಪ್ಪಿನ ಒಳಗೂ ಚಾಂದಿ ಕೂಡ್ಯಾದ ಮೀನಲ. ಮ್ಯಾಲ ಕೂತ ಮಸಿ ಆಗಿದ್ರ ಉಜ್ಜಬಹುದಿತ್ತು. ಇದನ್ನ ಉಜ್ಜಿ ತೊಳದ್ರ ಚಾಂದಿನೂ ಮೋರಿಗೆ ಹೋಗ್ತದ."

ಚಾಂದಿ ಎಂದು ನಾನೇ ಅಂದುಬಿಟ್ಟಿದ್ದೆ. ಮೀನಲ ನನ್ನ ಮುಖ ನೋಡಿ ಪೇಸ್ಟಿನ ಮುಚ್ಚಳ ಹಾಕಿದಳು.

ಸ್ವಪ್ನಾಲಿ ಶಾಲೆಯಲ್ಲಿ ವಿಜ್ಞಾನದ ಟೀಚರನ್ನು ಕೇಳಿಕೊಂಡು ಬಂದಿದ್ದಳು. ಸಂಜೆ ಅವರು ಹೇಳಿದಂತೆ ಮಾಡಿದೆವು. ಸ್ಟೀಲಿನ ಬೋಗುಣಿಯ ತಳಕ್ಕೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಹಾಸಿ, ಅದರ ಮೇಲೆ ಕರಡಿಗೆ ಇಟ್ಟು, ಅಡಿಗೆ ಸೋಡಾ, ಉಪ್ಪು ಹಾಕಿ, ಕುದಿಯುವ ನೀರು ಸುರಿದೆವು. ಅಲ್ಯೂಮಿನಿಯಮ್ಮಿಗೆ ಗಂಧಕದ ಸೆಳೆತ ಬೆಳ್ಳಿಗಿಂತ ಹೆಚ್ಚು. ಅದು ಗಂಧಕವನ್ನು ತನ್ನ ಕಡೆಗೆ ಎಳೆದುಕೊಂಡರೆ ಬೆಳ್ಳಿ ಬಿಡುಗಡೆಯಾಗಿ ಬೆಳ್ಳಿಯಾಗಿಯೇ ಉಳಿಯುತ್ತದಂತೆ. ನೀರು ನೊರೆಯೆದ್ದಿತು. ಸ್ವಲ್ಪ ಹೊತ್ತಿಗೆ ಕೆಟ್ಟ ವಾಸನೆ ಹೊರಟಿತು.

ಅತ್ತೆ ಸೆರಗು ಮೂಗಿಗೆ ಹಿಡಿದು ಬಂದರು. "ಏನು ಕೊಳ್ಸೀರಿ? ದೇವರು ದಿಂಡರು ಇರೋ ಮನಿ."

"ಕರಡಗ್ಯಾಗಿನ ಗಂಧಕ ಹೊರಗ ಬರ್ಲಿಕ್ಕತ್ತದರೀ ಅತ್ತೀ."

"ಅದಕ್ಕ ಗಂಧಕ ಎಲ್ಲಿಂದ ಹತ್ತಿತು?"

ಸ್ವಪ್ನಾಲಿ ಬಾಯಿ ತೆರೆದಳು. "ಏ, ಒಳಗಿಂದ ಹಿಂಡಾಲಿಯಂ ಡಬರಿ ತಾ, ಲಗೂ" ಎಂದು ಪಾತ್ರೆಯ ನೆಪದಲ್ಲಿ ಅವಳನ್ನು ಕಳಿಸಿಬಿಟ್ಟೆ. ಎದುರಿಗಿಟ್ಟು ಹೇಳಿದರೆ ಅತ್ತೆ ಸೋತಂತಾಗುತ್ತಿತ್ತು. ದೇವರಿಗಾಗಿ ಮಾಡಿದ ಕೆಲಸವದು. ಅದಕ್ಕೆ ಅವರನ್ನು ತಲೆ ತಗ್ಗಿಸುವಂತೆ ಮಾಡುವುದು ನನಗೆ ಬೇಡವಾಗಿತ್ತು.

ಅವರು ಬೋಗುಣಿಯನ್ನೊಮ್ಮೆ, ದೇವರ ಕೋಣೆಯ ಬಾಗಿಲನ್ನೊಮ್ಮೆ ನೋಡಿದರು. ಒಳಗೆ ಹೋದರು. ಸ್ವಲ್ಪದರಲ್ಲೇ ಒದ್ದೆ ಬಟ್ಟೆಯಿಂದ ಮಾಡ ಒರೆಸುವ ಸದ್ದು. ಆಮೇಲೆ ನನ್ನ ಯಜಮಾನರನ್ನು ಕೂಗಿ, "ನಾಗನಾಥ, ಈ ಚೀಲ ಎತ್ತಿ ಕೊಟ್ಟಿಗ್ಯಾಗ ಇಡು" ಎಂದರು.

ನೀರನ್ನು ಮೂರು ಸಲ ಬದಲಿಸಿದ ಮೇಲೆ ಕರಡಿಗೆ ಬೆಳ್ಳಗಾಯಿತು. ಹೊಳಪಿಲ್ಲದ ಮಂಕು ಬಿಳುಪು. ಅತ್ತೆ ತಿರುಗಿಸಿ ಮುರುಗಿಸಿ ನೋಡಿದರು.

"ಬೆಳ್ಳಗಾಗಿದ್ದು ಖರೆ. ಚಾಂದಿ ಹೌದೋ ಅಲ್ಲೋ ಅದು ಬ್ಯಾರೆ ಮಾತು. ನಾಳಿ ದಿಗಂಬರನ ಕಡಿ ಒರಿಗೆ ಹಚ್ಚಿಸೋಣ. ಬರ್ತಿ?"

"ಬರ್ತೀನ್ರಿ" ಎಂದೆ. ಅವರು ಕೇಳಿದ್ದು ನ್ಯಾಯವೇ ಆಗಿತ್ತು.

ಶನಿವಾರ ಬಸ್ಸಿನಲ್ಲಿ ನಿಲಂಗಾಕ್ಕೆ ಹೋದೆವು. ಅಲ್ಲಿಯೇ ಇರುವ ತನ್ನ ಶಾಲೆಯಲ್ಲಿ ಪರೀಕ್ಷೆ ಮುಗಿಸಿ ಸ್ವಪ್ನಾಲಿ ಸರಾಫನ ಅಂಗಡಿಗೇ ಬಂದಳು. ದಿಗಂಬರ ಹೊಸ ಕರಡಿಗೆಯ ವಿಷಯಕ್ಕೆ ಬಂದಿದ್ದಾರೆಂದುಕೊಂಡು ಮೊದಲೇ ಕೈ ಮುಗಿದ. "ಆಜೀ, ಬೈಬ್ಯಾಡ್ರಿ. ಕಾರೀಗರ ಫೋನೇ ಎತ್ತವಲ್ಲ."

"ಬಯ್ಯೋದು ಆಮ್ಯಾಲ. ಮೊದಲ ಇದನ್ನ ನೋಡು. ಖರೆ ಖರೆ ಹೇಳು."

ಅವನು ಕರಡಿಗೆಯ ಅಂಚನ್ನು ಒರೆಗಲ್ಲಿಗೆ ತಿಕ್ಕಿದ. ಬಿಳಿ ಗೆರೆ ಮೂಡಿತು. ಅದರ ಮೇಲೆ ಗಾಜಿನ ಕಡ್ಡಿಯಿಂದ ಒಂದು ಹನಿ ತೇಜಾಬು, ಅಂದರೆ ಆಮ್ಲ, ಬಿಟ್ಟ. ಗೆರೆ ಕರಗಿತು. ನಾನು ಕೌಂಟರಿನ ಅಂಚು ಹಿಡಿದುಕೊಂಡೆ. ಅವನು ಉಪ್ಪಿನ ನೀರಿನ ಹನಿ ಬಿಟ್ಟ. ಕಲ್ಲಿನ ಮೇಲೆ ಹಾಲು ಒಡೆದಂತೆ ಬಿಳಿ ಮೋಡ ಎದ್ದಿತು.

"ಚಾಂದಿ" ಎಂದ ದಿಗಂಬರ.

ಆದರೆ ಅವನು ಬಗ್ಗಿ ಇನ್ನೂ ನೋಡುತ್ತಲೇ ಇದ್ದ. "ಪೂರಾ ಅಲ್ಲ ಆಜೀ. ಅಂಚಿಗೆ ಹಸರ ಹೊಡೀತದ ನೋಡ್ರಿ. ಎಂಬತ್ತು ಟಂಚ್ ಇರಬಹುದು. ನೂರಕ್ಕ ಎಂಬತ್ತು ಚಾಂದಿ, ಇಪ್ಪತ್ತು ತಾಮ್ರ."

"ಅಂದ್ರ ಇಪ್ಪತ್ತು ಸುಳ್ಳು" ಎಂದರು ಅತ್ತೆ.

"ಆಯೀ, ಅದು ಮಿಶ್ರಣ" ಎಂದಳು ಸ್ವಪ್ನಾಲಿ. "ಇವತ್ತ ಪೇಪರಿನ್ಯಾಗ ಬಂದಿತ್ತು. ಮಿಶ್ರಣದಾಗ ಎಷ್ಟು ಬೇಕಾದ್ರೂ ಹಾಕಬಹುದು."

"ನಿಮ್ಮ ಪೇಪರಿನ್ಯಾಗ ಹಾಕಬಹುದು. ನಮ್ಮ ಕೊಡೋದು ತಗೊಳ್ಳೋದ್ರಾಗ ಹೇಳಿ ಹಾಕಬೇಕು."

ದಿಗಂಬರ ನಕ್ಕ. "ಆಜೀ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕಾಲಾಗಿನ ಪೈಜಣ ನಮ್ಮಪ್ಪ ಮಾಡಿದ್ದು. ಒಂದು ಒರಿ ಹಚ್ಚಲೇನು?"

ಅತ್ತೆ ಕಾಲು ಹಿಂದೆಳೆದುಕೊಂಡರು. ಆಮೇಲೆ ಏನೆನ್ನಿಸಿತೋ, ಕಾಲು ಮುಂದಿಟ್ಟರು. ಅವನು ಬಗ್ಗಿ ಕೊಂಡಿಯನ್ನಷ್ಟೇ ಬಿಚ್ಚಿಕೊಂಡು ತಿಕ್ಕಿದ.

"ಎಪ್ಪತ್ತು" ಎಂದ.

"ನಿಮ್ಮಪ್ಪ ಎಪ್ಪತ್ತು ಹಾಕಿ ನೂರು ಅಂತ ಹೇಳಿದ್ನಲ್ಲೋ!"

"ಸ್ವರ್ಗದಾಗ ಹೋಗಿ ಕೇಳ್ರಿ ಆಜೀ. ನಾ ಅವಾಗ ಹುಟ್ಟಿದ್ದಿಲ್ಲ."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಊರು ಹತ್ತಿರ ಬಂದಾಗ, "ಎಂಬತ್ತು ಆಗ್ಲಿ, ಎಪ್ಪತ್ತು ಆಗ್ಲಿ. ಬೀಗರು ಗೊತ್ತಿದ್ದು ಕೊಟ್ರೋ, ಅವರಿಗೂ ಯಾರರೆ ಟೋಪಿ ಹಾಕಿದ್ರೋ. ಅದನ್ನ ಅವರ ಬಾಯಿಂದನೇ ಕೇಳಬೇಕು" ಎಂದರು. ಗೊತ್ತಿದ್ದು ಕೊಟ್ಟರೋ ಎಂಬ ಮಾತು ಸೋಮವಾರದವರೆಗೂ ನನ್ನ ಕಿವಿಯಲ್ಲೇ ಇತ್ತು.

ಸೋಮವಾರ ನಸುಕಿನಲ್ಲೇ ಹೊರಟು ಉದಗೀರ ಸೇರಿದೆವು. ಮೀನಲಳ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಸ್ವಾಮಿಗಳು ಬಂದು ಕೂತಿದ್ದರು. ಅಪ್ಪ ರೈಲಿನಿಂದಿಳಿದು ನಡೆದುಕೊಂಡೇ ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೂಸಿಗೆ ತಾವೇ ಹೊಲಿದ ನಾಲ್ಕು ಜಬಲಾ. ಮೈ ಇನ್ನೂ ಇಳಿದಿತ್ತು.

ಅವರು ನೀರು ಕುಡಿದು ತಂಬಿಗೆ ಕೆಳಗಿಡುತ್ತಲೇ ಅತ್ತೆ ಕರಡಿಗೆ ಹೊರತೆಗೆದರು. ನಾನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ.

"ಬೀಗರ, ಒಂದು ಮಾತು ಕೇಳ್ತೀನಿ. ತಪ್ಪು ತಿಳೀಬ್ಯಾಡ್ರಿ. ಈ ಕರಡಿಗಿ ನೂರಕ್ಕ ನೂರು ಚಾಂದಿದೇನ್ರಿ?"

ಅಪ್ಪ ಕನ್ನಡಕ ಸರಿಮಾಡಿಕೊಂಡು ಕರಡಿಗೆ ನೋಡಿದರು.

"ಇಲ್ಲರೀ ಅಕ್ಕಾ. ಎಂಬತ್ತು."

ಅಷ್ಟು ಸಲೀಸಾಗಿ ಹೇಳಿದರು. ಯಾರೋ ಕೆಮ್ಮಿದರು.

"ನಿಮಗ ಗೊತ್ತಿತ್ತು?"

"ಗೊತ್ತಿತ್ತು ಏನ್ರಿ, ನಾನೇ ಹಾಕ್ಸಿದ್ದು. ಉಮರ್ಗಾದ ಸರಾಫ ಹೇಳಿದ, ಮಹಾದೇವಪ್ಪ, ಬರೇ ಚಾಂದಿ ಮೆತ್ತಗ ಇರ್ತದ. ಕೂಸು ಕಡದ್ರ ಹಲ್ಲಿನ ಗುರುತು ಬೀಳ್ತದ, ಕೆಳಗ ಬಿದ್ರ ತೆಗ್ಗು ಬೀಳ್ತದ, ಮುಚ್ಚಳ ಸಡ್ಲ ಆಗಿ ಲಿಂಗ ಹೊರಗ ಬೀಳ್ತದ. ತಾಮ್ರ ಕೂಡಿದ್ರ ಗಟ್ಟಿ ಹಿಡೀತದ ಅಂದ. ನಮ್ಮ ಕೆಲಸದಾಗೂ ಹಾಂಗೇ. ಬರೇ ರೇಶ್ಮಿಗೆ ಹುಕ್ಕ ಹಚ್ಚಿದ್ರ ಹರೀತದ, ಒಳಗ ಗಟ್ಟಿ ಅಸ್ತರ ಬೇಕು. ಹಾಕಪಾ ಅಂದೆ. ಅವತ್ತೇ ಯಜಮಾನ್ರಿಗೆ ಹೇಳೀನಿ. ವೀರಭದ್ರಪ್ಪನವರು ಕೈಯಾಗ ಹಿಡದು ಒತ್ತಿ ನೋಡಿ, ಛಲೋ ಮಾಡೀರಿ ಅಂದಿದ್ರು."

ವೀರಭದ್ರಪ್ಪನವರು ನನ್ನ ಮಾವ. ತೀರಿಹೋಗಿ ಆರು ವರ್ಷವಾಯಿತು.

ಅತ್ತೆ ಕರಡಿಗೆಯನ್ನು ತಾವೂ ಒಮ್ಮೆ ಒತ್ತಿ ನೋಡಿದರು. ಆಮೇಲೆ ತೊಡೆ ಬಡಿದುಕೊಂಡರು. "ನೋಡ್ರೆವ್ವಾ! ಇಷ್ಟು ವರ್ಷ ಸಂಸಾರ ಮಾಡಿ ಒಂದು ಮಾತು ಮನ್ಯಾಗ ಪೂರಾ ಹೇಳಿದ ಮನಷ್ಯಾ ಅಲ್ಲ ಅಂವಾ! ಹೊಲದಾಗಿನ ಎತ್ತಿಗೆ ಎಲ್ಲಾ ಹೇಳ್ತಿದ್ದ, ನನಗ ಹೇಳ್ತಿದ್ದಿಲ್ಲ."

ಕೂತವರೆಲ್ಲ ನಕ್ಕರು. ಸ್ವಾಮಿಗಳೂ ನಕ್ಕರು. ಅಪ್ಪ ಮಾತ್ರ ಏನು ನಡೆಯಿತೆಂದು ತಿಳಿಯದೆ ನನ್ನ ಕಡೆ ನೋಡಿದರು.

ನಗು ಇಳಿಯುವ ಮೊದಲೇ ಅತ್ತೆ ಮತ್ತೆ ಮಾತಾಡಿದರು. "ಬೀಗರ, ಇದು ಕರ್ರಗಾಗಿತ್ತು. ಖೋಟಾ ಅಂತ ನಿಮ್ಮ ಮಗಳಿಗೆ ಅಂದೆ. ಕರ್ರಗ ಮಾಡಿದಾಕಿ ನಾನೇ. ಇರವಿ ಬರಬಾರದು ಅಂತ ಮಾಡದಾಗ ಹೊಲದ ಗಂಧಕ ಹಾಕಿದ್ದೆ. ಆಕೀಗಿ ಗೊತ್ತಾಗಿತ್ತು. ನಾಕು ದಿನ ಒಂದೇ ಮನ್ಯಾಗ ಇದ್ದು ಬಾಯಿ ಬಿಡ್ಲಿಲ್ಲ."

ನಾನು ಒಳಗೆ ಸರಿದು ಹೋಳಿಗೆಯ ಹಂಚಿನ ಮುಂದೆ ನಿಂತೆ. ಮೀನಲಳ ಅತ್ತೆ ನನ್ನ ಕಣ್ಣು ನೋಡಿ ಹೊಗೆ ಹತ್ತಿತೇ ಎಂದು ಕೇಳಿದರು. ಹೌದೆಂದೆ.

ಲಿಂಗಧಾರಣೆ ಆಯಿತು. ಕೂಸು ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಒಯ್ಯಲು ನೋಡುತ್ತಿತ್ತು. ಪಡಸಾಲೆಯಲ್ಲಿ ಊಟಕ್ಕೆ ಪಂಕ್ತಿ ಕೂತಾಗ ಅತ್ತೆ ತಾವೇ ಅಪ್ಪನಿಗೆ ತುಪ್ಪ ಬಡಿಸಿದರು. "ಸಂಜೀ ಗಾಡಿಗೆ ಹೋಗಬ್ಯಾಡ್ರಿ. ಮಗಳನ್ನ ಕೊಟ್ಟು ಹದಿನೈದು ವರ್ಷ ಆಯ್ತು, ಒಂದು ದಿನ ನಮ್ಮನ್ಯಾಗ ವಸ್ತಿ ಇದ್ದೀರೇನು? ನಮ್ಮ ಸಂಗಟ ಬರ್ರಿ."

"ನಾಳಿ ಎರಡು ಬ್ಲೌಜ್ ಕೊಡೋದು ಅದ ಅಕ್ಕಾ. ಲಗ್ನದ ಮನೀವು."

"ಲಗ್ನ ಎಂದದ?"

"ಗುರುವಾರ."

"ಹಾಂಗಾದ್ರ ಬುಧವಾರ ಹೊಲೀರಿ. ಕಲ್ಯಾಣಿ, ನಿಮ್ಮಪ್ಪನ ಕೊಡಿ ತಗದು ನಮ್ಮ ಚೀಲದಾಗ ಇಡು."

ಅಪ್ಪ ನನ್ನ ಕಡೆ ನೋಡಿದರು, ಏನು ಮಾಡಲಿ ಎಂಬಂತೆ. ನಾನು ಗೋಡೆಗೆ ಆನಿಸಿದ್ದ ಕೊಡೆ ಎತ್ತಿಕೊಂಡೆ. ಚೀಲದಲ್ಲಿ ಅದು ಹಿಡಿಸಲಿಲ್ಲ. ಹಿಡಿ ಹೊರಗೇ ಉಳಿಯಿತು.